ಬಳಸಿ ಬರುವ ದಾರಿ: ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಯ ನಡಿಗೆಯ ಪರಂಪರೆ

ವೀರಶೈವ ಧರ್ಮದಲ್ಲಿ ತೀರ್ಥಯಾತ್ರೆಗೆ ಎಂತಹ ಸ್ಥಾನವಿದೆ ಎಂಬ ಪ್ರಶ್ನೆ ಹಳೆಯದು. ಕರಸ್ಥಲದಲ್ಲಿ ಇಷ್ಟಲಿಂಗವಿರುವಾಗ ಬೆಟ್ಟ ಹತ್ತಿ, ಹೊಳೆ ದಾಟಿ ದೇವರನ್ನು ಅರಸಬೇಕಾದ ಅಗತ್ಯವೇನು ಎಂದು ಶರಣರು ಕೇಳಿದರು. ಸ್ಥಾವರಕ್ಕೆ ಪ್ರದಕ್ಷಿಣೆ ಬರುವುದಕ್ಕಿಂತ ಜಂಗಮಕ್ಕೆ ನೀಡುವುದೇ ಹಿರಿದೆಂದು ಅವರು ಸಾರಿದರು. ಹೀಗಿದ್ದರೂ ಕನ್ನಡ ನಾಡಿನ ದಕ್ಷಿಣದ ಅಂಚಿನಲ್ಲಿ, ಕಾವೇರಿಗೂ ಪೂರ್ವಘಟ್ಟದ ಮಲೆಗಳಿಗೂ ನಡುವಣ ಯಳಂದೂರು, ಕೊಳ್ಳೇಗಾಲ, ಹನೂರುಗಳ ಸೀಮೆಯಲ್ಲಿ, ಶಿವಭಕ್ತಿಯು ನಡಿಗೆಯ ರೂಪದಲ್ಲಿಯೇ ಬೇರೂರಿದೆ. ಮನೆಯಿಂದ ಹೊರಟು, ಹಳ್ಳಿಹಳ್ಳಿಗಳನ್ನು ಬಳಸಿ, ಗದ್ದುಗೆ ಮಠಗಳ ದರ್ಶನ ಪಡೆದು, ಬೇರೊಂದು ದಾರಿಯಿಂದ ಮನೆಗೆ ಮರಳುವ ಈ ಸುತ್ತುನಡಿಗೆಯು ಶರಣರ ಮಾತಿಗೆ ವಿರುದ್ಧವೇ, ಅಥವಾ ಅದರದೇ ಇನ್ನೊಂದು ಮುಖವೇ ಎಂಬುದು ವಿಚಾರಾರ್ಹವಾದ ಸಂಗತಿ.

ಈ ಸೀಮೆಯ ರಾಜಕೀಯ ಎಲ್ಲೆಗಳು ಮೇಲಿಂದ ಮೇಲೆ ಬದಲಾಗಿವೆ. ಯಳಂದೂರು ಮೊದಲು ಹದಿನಾಡಿನ ಪಾಳೆಯಗಾರರ ನೆಲೆಯಾಗಿತ್ತು. ೧೮೦೭ರಲ್ಲಿ ಅದು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಕೂಗಳತೆಯ ದೂರದಲ್ಲಿದ್ದ ಕೊಳ್ಳೇಗಾಲವಾದರೋ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗಲೇ ಅದು ಮೈಸೂರು ರಾಜ್ಯವನ್ನು ಸೇರಿದುದು. ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆ ರಚಿತವಾಯಿತು; ಬಳಿಕ ಕೊಳ್ಳೇಗಾಲದಿಂದ ಹನೂರು ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಯಿತು. ಯಳಂದೂರಿಗೂ ಕೊಳ್ಳೇಗಾಲಕ್ಕೂ ಇರುವ ಅಂತರ ಸುಮಾರು ೧೬ ಕಿಲೋಮೀಟರು ಮಾತ್ರ. ಒಂದೂವರೆ ಶತಮಾನ ಕಾಲ ಈ ಅಲ್ಪ ಅಂತರದಲ್ಲಿ ಎರಡು ಸರ್ಕಾರಗಳು, ಎರಡು ಕಂದಾಯ ಕ್ರಮಗಳು ಇದ್ದವು. ಆದರೆ ಜೋಳಿಗೆ ಹೊತ್ತು ನಡೆಯುವವನಿಗೆ ಈ ಗಡಿ ಎಂದೂ ಗಡಿಯಾಗಿರಲಿಲ್ಲ. ಆಡಳಿತವು ಬೇರೆಯಾಗಿಸಿದ ಊರುಗಳನ್ನು ನಡಿಗೆಯು ಒಂದಾಗಿಸಿತ್ತು.

ಸುತ್ತನ್ನು ಯಳಂದೂರಿನಿಂದ ಆರಂಭಿಸುವುದು ಯುಕ್ತ. ಸುವರ್ಣಾವತಿಯ ನೀರುಂಡ ಈ ಪುಟ್ಟ ಊರಿನ ಗೌರೀಶ್ವರ ದೇವಾಲಯವು ಹದಿನಾಡಿನ ಅರಸರ ಕಾಲದ್ದು. ಅದರ ಮುಂದಣ ಮಹಾದ್ವಾರವನ್ನು ೧೬೫೪-೫೫ರ ವೇಳೆಗೆ ಮುದ್ದರಾಜನು ಕಟ್ಟಿಸಿದನು. ನಾಲ್ಕು ಮೂಲೆಗಳಲ್ಲಿ ಏಕಶಿಲೆಯಲ್ಲಿ ಕಡೆದ ಬಳೆಗಳ ಸರಪಣಿಗಳು ತೂಗುತ್ತಿದ್ದುದರಿಂದ ಜನ ಅದನ್ನು ಬಳೆಮಂಟಪವೆಂದು ಕರೆದರು. ಒಂದು ಬಳೆಯೊಳಗೆ ಇನ್ನೊಂದು ಬಳೆ, ಎಲ್ಲಿಯೂ ಬೆಸುಗೆಯಿಲ್ಲ: ಕಲ್ಲುಕುಟಿಗನ ಕೈಯ ತಾಳ್ಮೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬಳೆಮಂಟಪ ಎದ್ದು ನಿಂತ ಕಾಲವೇ ಷಡಕ್ಷರದೇವನ ಕಾಲವೂ ಹೌದು. ಮಳವಳ್ಳಿ ಸೀಮೆಯ ಧನಗೂರಿನಲ್ಲಿ ಹುಟ್ಟಿ, ಯಳಂದೂರಿನ ಮಠದಲ್ಲಿ ನೆಲೆಸಿದ ಈ ಕವಿಯು ಕನ್ನಡದಲ್ಲಿಯೂ ಸಂಸ್ಕೃತದಲ್ಲಿಯೂ ಸಮಾನ ಪ್ರಭುತ್ವವುಳ್ಳವನು. ಚಂಪೂಕಾವ್ಯದ ಕಾಲ ಮುಗಿಯಿತೆಂದು ತೋರುತ್ತಿದ್ದಾಗ ರಾಜಶೇಖರವಿಲಾಸ, ಶಬರಶಂಕರವಿಲಾಸ, ವೃಷಭೇಂದ್ರವಿಜಯಗಳೆಂಬ ಮೂರು ಮಹಾಕೃತಿಗಳಿಂದ ಅದಕ್ಕೆ ಮತ್ತೆ ಜೀವ ತುಂಬಿದನು. ಅವನ ಗದ್ದುಗೆ ಯಳಂದೂರಿನಲ್ಲಿದೆ. ರಾಜಶೇಖರವಿಲಾಸವನ್ನು ವರ್ಣನೆಗಳ ಕಾವ್ಯವೆಂದೇ ಸಾಹಿತ್ಯ ವಿದ್ಯಾರ್ಥಿಗಳು ಓದುವುದು ರೂಢಿ. ಆದರೆ ಆ ಕಾವ್ಯದ ಹೃದಯವಿರುವುದು ಒಂದು ಬೀದಿಯಲ್ಲಿ. ರಾಜಕುಮಾರನ ಕುದುರೆ ಸವಾರಿಯಲ್ಲಿ ತಿರುಕೊಳವಿನಾಚಿಯೆಂಬ ಶಿವಭಕ್ತೆಯ ಶಿಶುವು ತುಳಿತಕ್ಕೆ ಸಿಕ್ಕಿ ಮಡಿಯುತ್ತದೆ. ತಾಯಿಯ ಮೊರೆಯನ್ನು ಕೇಳಿದ ಸತ್ಯೇಂದ್ರಚೋಳನು ಮಗನೆಂದು ಕರುಣೆ ತೋರದೆ ನ್ಯಾಯವನ್ನು ನಡೆಸುತ್ತಾನೆ. ಕುದುರೆಯ ಮೇಲೆ ಬರುವವನಿಗೂ ಬೀದಿಯಲ್ಲಿ ಕಾಲೂರಿ ನಿಂತವನಿಗೂ ನಡುವೆ ಧರ್ಮವು ಯಾರ ಪಕ್ಷವೆಂಬುದೇ ಅಲ್ಲಿಯ ಪ್ರಶ್ನೆ. ಯಳಂದೂರಿನ ಬೀದಿಗಳಲ್ಲಿ ನಡೆದು ಆ ಗದ್ದುಗೆಯ ಮುಂದೆ ನಿಂತವನಿಗೆ ಆ ತಾಯಿಯ ಪ್ರಲಾಪವು ಬೇರೆಯೇ ಬಗೆಯಲ್ಲಿ ಕೇಳಿಸುತ್ತದೆ.

ಅದೇ ಊರು ಸಂಚಿಯ ಹೊನ್ನಮ್ಮನದೂ ಹೌದು. ಚಿಕ್ಕದೇವರಾಜ ಒಡೆಯರ (ಆಳ್ವಿಕೆ ೧೬೭೩-೧೭೦೪) ಪಟ್ಟಮಹಿಷಿ, ಯಳಂದೂರಿನ ಅರಸುಮನೆತನದ ದೇವಾಜಮ್ಮಣ್ಣಿಯ ಎಲೆಯಡಿಕೆಯ ಸಂಚಿಯನ್ನು ಹೊತ್ತ ಈಕೆ ಹದಿಬದೆಯ ಧರ್ಮವನ್ನು ಸಾಂಗತ್ಯದಲ್ಲಿ ರಚಿಸಿದಳು. ಆ ದೊರೆಯ ಮಂತ್ರಿಯಾದ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತನೂ ಯಳಂದೂರಿನವನೇ. ಇಲ್ಲಿ ಇತಿಹಾಸದ ಒಂದು ಕಹಿ ಪುಟವನ್ನು ತೆರೆಯಲೇಬೇಕಾಗುತ್ತದೆ. ಮಾರ್ಕ್ ವಿಲ್ಕ್ಸ್ ೧೮೧೦ರಲ್ಲಿ ಪ್ರಕಟಿಸಿದ ಮೈಸೂರಿನ ಇತಿಹಾಸದಲ್ಲಿ ಹೇಳುವಂತೆ, ಹೊಸ ತೆರಿಗೆಗಳ ಭಾರಕ್ಕೆ ಬೇಸತ್ತ ರೈತರು ನೇಗಿಲುಗಳನ್ನು ಊರಬಾಗಿಲ ಮರಗಳಿಗೆ ತಲೆಕೆಳಗಾಗಿ ತೂಗುಹಾಕಿ ಬೇಸಾಯ ನಿಲ್ಲಿಸಿದರು. ಜಂಗಮರು ಅವರ ಬೆನ್ನಿಗೆ ನಿಂತರು. ದೊರೆಯು ಜಂಗಮರನ್ನು ನಂಜನಗೂಡಿಗೆ ಕರೆಸಿ ನಾನೂರಕ್ಕೂ ಹೆಚ್ಚು ಮಂದಿಯನ್ನು ಕೊಲ್ಲಿಸಿದನು, ಏಳುನೂರಕ್ಕೂ ಹೆಚ್ಚು ಮಠಗಳು ನಾಶವಾದವು. ಈ ಸಂಖ್ಯೆಗಳ ಬಗೆಗೂ ಘಟನೆಯ ಸ್ವರೂಪದ ಬಗೆಗೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ವಿಶಾಲಾಕ್ಷ ಪಂಡಿತನೂ ಕೊನೆಗೆ ಕೊಲೆಗೀಡಾದನು. ಆದುದರಿಂದ ಯಾವ ಪಕ್ಷದ ರಕ್ತಪಾತವನ್ನೂ ಸಮರ್ಥಿಸದೆ ಒಂದು ಮಾತನ್ನು ಮಾತ್ರ ಗಮನಿಸಬಹುದು. ಊರಿಂದೂರಿಗೆ ನಡೆಯುತ್ತಿದ್ದ ಜಂಗಮನು ಕೇವಲ ಭಿಕ್ಷುಕನಾಗಿದ್ದರೆ ಅರಸೊತ್ತಿಗೆಯು ಅವನಿಗೆ ಅಂಜಬೇಕಾಗಿರಲಿಲ್ಲ. ಒಂದು ಹಳ್ಳಿಯ ನೋವನ್ನು ಇನ್ನೊಂದು ಹಳ್ಳಿಗೆ ತಲುಪಿಸುವ ಶಕ್ತಿ ಅವನ ನಡಿಗೆಗಿತ್ತು. ಕವಿ, ಕವಯಿತ್ರಿ, ಮಂತ್ರಿ ಈ ಮೂವರ ಹೆಸರನ್ನೂ ಒಂದೇ ಪುಟ್ಟ ಊರು ಹೊತ್ತಿರುವುದು, ಅವರ ಕಾಲದಲ್ಲಿಯೇ ಇಂತಹ ಘರ್ಷಣೆ ನಡೆದುದು ಚಿಂತನೆಗೆ ಎಡೆಗೊಡುವ ಸಂಗತಿ.

ಯಳಂದೂರನ್ನು ಬಿಟ್ಟು ಕೊಳ್ಳೇಗಾಲದ ಕಡೆಗೆ ಸಾಗಿದರೆ ಚಿಲಕವಾಡಿಯ ಶಂಭುಲಿಂಗನ ಬೆಟ್ಟ ಎದುರಾಗುತ್ತದೆ. ನಿಜಗುಣ ಶಿವಯೋಗಿಗಳು ತಪಸ್ಸು ಮಾಡಿದ ತಾಣ ಇದೆಂದು ಪರಂಪರೆ ಹೇಳುತ್ತದೆ. ಅವರ ಕೃತಿಗಳ ಅಂಕಿತವೂ ಶಂಭುಲಿಂಗನೇ. ಅರಸುತನವನ್ನು ತೊರೆದು ಯೋಗಿಯಾದರೆಂದು ಐತಿಹ್ಯವಿರುವ ಇವರು ಕೈವಲ್ಯಪದ್ಧತಿಯ ಹಾಡುಗಳಲ್ಲಿ ವೇದಾಂತವನ್ನೂ ಶಿವಾದ್ವೈತವನ್ನೂ ಜನರ ಬಾಯಿಗೆ ತಂದರು. ವಿವೇಕಚಿಂತಾಮಣಿಯಲ್ಲಿ ಅಂದಿನ ಶಾಸ್ತ್ರಜ್ಞಾನವನ್ನೆಲ್ಲ ಒಂದೆಡೆ ಕೂಡಿಸಿದರು. ವಿಶ್ವಕೋಶದ ಹರಹುಳ್ಳ ಆ ಗ್ರಂಥದ ಕರ್ತೃವಿನ ಹೆಸರು ಯಾವ ರಾಜಧಾನಿಗೂ ಅಂಟಿಕೊಳ್ಳದೆ ಬಯಲ ನಡುವಿನ ಈ ಬೆಟ್ಟಕ್ಕೆ ಅಂಟಿಕೊಂಡಿರುವುದು ಗಮನಾರ್ಹ. ತಿರುಕನ ಕನಸಿನ ಹಾಡಿನಿಂದ ಕನ್ನಡಿಗರ ಮನೆಮಾತಾದ ಮುಪ್ಪಿನ ಷಡಕ್ಷರಿಯನ್ನೂ ಪರಂಪರೆಯು ಇದೇ ಸೀಮೆಯೊಡನೆ ಸೇರಿಸಿ ನೆನೆಯುತ್ತದೆ. ಅರಸನು ತಿರುಕನಾದುದು ಒಂದು ಕಥೆ, ತಿರುಕನು ಕನಸಿನಲ್ಲಿ ಅರಸನಾದುದು ಇನ್ನೊಂದು. ಎರಡೂ ಒಂದೇ ನೆಲದಲ್ಲಿ ಉಳಿದು ಬಂದಿವೆ.

ಇಲ್ಲಿಯವರೆಗಿನದು ಓಲೆಗರಿಯ ಪರಂಪರೆ. ಕುಂತೂರಿನಿಂದ ಮುಂದಿನದು ಕಂಸಾಳೆಯ ಪರಂಪರೆ. ಜನಪದ ಮಹಾಕಾವ್ಯದ ಪ್ರಕಾರ ಉತ್ತರದೇಶದಿಂದ ಬಂದ ಮಾದೇಶ್ವರನು ಕಪಿಲಾತೀರದ ಸುತ್ತೂರು ಮಠದಲ್ಲಿ ರಾಗಿ ಬೀಸುವ ಕಾಯಕಕ್ಕೆ ನಿಂತನು. ಅಲ್ಲಿಂದ ಕೊಳ್ಳೇಗಾಲ ಸೀಮೆಯ ಕುಂತೂರು ಮಠಕ್ಕೆ ಬಂದು ಪ್ರಭುಸ್ವಾಮಿಯ ಆಶ್ರಯ ಪಡೆದನು. ಅನಂತರ ಏಳುಮಲೆಯ ಹಾದಿ ಹಿಡಿದನು. ಡಾ. ಪಿ. ಕೆ. ರಾಜಶೇಖರ ಅವರೇ ಮೊದಲಾದ ವಿದ್ವಾಂಸರು ದೇವರಗುಡ್ಡರ ಬಾಯಿಂದ ಸಂಗ್ರಹಿಸಿದ ಈ ಕಾವ್ಯವನ್ನು ಓದಿದವರಿಗೆ ಒಂದು ಅಂಶ ಸ್ಪಷ್ಟವಾಗುತ್ತದೆ: ಇದು ಸಿಂಹಾಸನದ ಮೇಲೆ ಕುಳಿತ ದೇವರ ಕಥೆಯಲ್ಲ, ನಡೆಯುವ ದೇವರ ಕಥೆ. ಅವನು ಮನೆಮನೆಯ ಬಾಗಿಲಲ್ಲಿ ನಿಲ್ಲುತ್ತಾನೆ, ಭಿಕ್ಷೆ ಕೇಳುತ್ತಾನೆ, ಬೈಸಿಕೊಳ್ಳುತ್ತಾನೆ, ಪರೀಕ್ಷಿಸುತ್ತಾನೆ. ಸಂಕಮ್ಮ, ಇಕ್ಕೇರಿ ದೇವಮ್ಮ, ಸರಗೂರಯ್ಯ, ಜುಂಜೇಗೌಡ ಮೊದಲಾದವರ ಸಾಲುಗಳಲ್ಲಿ ಒಂದೊಂದು ಕುಲದ, ಒಂದೊಂದು ಊರಿನ ಜನ ಈ ನಡಿಗೆಗೆ ಸಿಲುಕಿ ಒಕ್ಕಲಾಗುತ್ತಾರೆ.

ಈ ಕಾವ್ಯದಲ್ಲಿ ಪಾದರಕ್ಷೆಗೆ ದೊಡ್ಡ ಸ್ಥಾನವಿದೆ. ಪ್ರಜೆಗಳನ್ನೂ ದೇವತೆಗಳನ್ನೂ ಸೆರೆಯಿಟ್ಟ ಶ್ರವಣ ದೊರೆಯು ಅಳಿಯುವುದು ಯಾವ ಆಯುಧದಿಂದಲೂ ಅಲ್ಲ, ಹರಳಯ್ಯನು ಮಾಡಿದ ಪಾದರಕ್ಷೆಯಿಂದ. ತನ್ನ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿದನೆಂದು ಪ್ರಸಿದ್ಧನಾದ ಕಲ್ಯಾಣದ ಶರಣ ಹರಳಯ್ಯನ ಹೆಸರು ಮಲೆನಾಡಿನ ಈ ಕಥೆಯಲ್ಲಿ ಮತ್ತೆ ಕಾಣಿಸಿಕೊಳ್ಳುವುದು ಆಕಸ್ಮಿಕವೆನ್ನಲಾಗದು. ವೈಷ್ಣವ ಕ್ಷೇತ್ರವಾದ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ರಂಗನಾಥನು ಕಾಡೆಲ್ಲ ಸುತ್ತಿ ಚಪ್ಪಲಿ ಸವೆಸುತ್ತಾನೆಂದು ನಂಬಿ, ಬೂದಿತಿಟ್ಟಿನ ಚಮ್ಮಾರ ಭಕ್ತರು ಎರಡು ವರ್ಷಕ್ಕೊಮ್ಮೆ ದೊಡ್ಡ ಚರ್ಮದ ಚಪ್ಪಲಿಗಳನ್ನು ಒಪ್ಪಿಸುತ್ತಾರೆ. ಶೈವನಾಗಲಿ ವೈಷ್ಣವನಾಗಲಿ, ಈ ಸೀಮೆಯ ದೇವರು ನಡೆಯಲೇಬೇಕು. ಅವನ ನಡಿಗೆಗೆ ಕೆಳಗಿನ ಕುಲದವನ ಕೈಕೆಲಸ ಬೇಕೇಬೇಕು.

ಮಾದೇಶ್ವರನ ಹಾದಿಯನ್ನೇ ಭಕ್ತರು ಹಿಡಿಯುತ್ತಾರೆ. ಕೊಳ್ಳೇಗಾಲದಿಂದ ಮಧುವನಹಳ್ಳಿ, ಕಾಮಗೆರೆ, ಹನೂರು, ಕೌದಳ್ಳಿಗಳನ್ನು ದಾಟಿ ತಾಳಬೆಟ್ಟದ ಬುಡಕ್ಕೆ ಬಂದರೆ ಅಲ್ಲಿಂದ ಮಲೆಯ ಏರು. ಕೊಳ್ಳೇಗಾಲದಿಂದ ಬೆಟ್ಟಕ್ಕೆ ಸುಮಾರು ೮೦ ಕಿಲೋಮೀಟರು. ಶಿವರಾತ್ರಿ, ಯುಗಾದಿ, ಮಹಾಲಯ ಅಮಾವಾಸ್ಯೆ, ದೀಪಾವಳಿಗಳಲ್ಲಿ ಈ ದಾರಿಯಲ್ಲಿ ಜನಪ್ರವಾಹವೇ ಹರಿಯುತ್ತದೆ. ಬೆಟ್ಟದ ಮೇಲೆ ಹುಲಿವಾಹನ, ಉರುಳು ಸೇವೆ, ಪಂಜಿನ ಸೇವೆಗಳು ದೇವಾಲಯವನ್ನು ಸುತ್ತುತ್ತವೆ. ದೀಪಾವಳಿಯ ಹಾಲರವಿ ಉತ್ಸವದಲ್ಲಿ ಬೇಡಗಂಪಣ ಕುಲದ ೧೦೧ ಹೆಣ್ಣುಮಕ್ಕಳು ಕಾಡಿನ ಹಳ್ಳದಿಂದ ಕೊಡಗಳಲ್ಲಿ ನೀರು ಹೊತ್ತು ತರುತ್ತಾರೆ. ಮರಳುವವರಿಗೆ ಕೌದಳ್ಳಿಯಿಂದ ರಾಮಾಪುರ, ಅಜ್ಜೀಪುರಗಳನ್ನು ಬಳಸಿ ಹನೂರಿಗೆ ಬರುವ ದಾರಿಯೂ ಉಂಟು.

ಸುತ್ತಿನ ಕೊನೆಯ ನೆಲೆ ಕಾವೇರಿಯತ್ತ ಕಾಡಂಚಿನಲ್ಲಿರುವ ಚಿಕ್ಕಲ್ಲೂರು. ಕಲ್ಯಾಣದಲ್ಲಿ ಶರಣರನ್ನೇ ಪರೀಕ್ಷಿಸಿ ದಕ್ಷಿಣಕ್ಕೆ ಬಂದನೆಂದು ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿಯ ಗದ್ದುಗೆ ಇಲ್ಲಿದೆ. ನಿಡುಘಟ್ಟದ ಆಚಾರಿಯ ಮಗ ಕೆಂಪಾಚಾರಿಯು ಸಿದ್ಧಪ್ಪಾಜಿಯಾದುದು, ಗುರುವಿನ ಆಜ್ಞೆಯಂತೆ ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋಗಿ ಕಠಿಣ ಪರೀಕ್ಷೆಗಳನ್ನು ಗೆದ್ದುದು ಆ ಕಾವ್ಯದ ಮುಖ್ಯ ಕಥೆ. ಪುಷ್ಯ ಹುಣ್ಣಿಮೆಯಂದು ಚಂದ್ರಮಂಡಲ ಹೊತ್ತಿಸುವುದರೊಡನೆ ಆರಂಭವಾಗುವ ಐದು ದಿನಗಳ ಜಾತ್ರೆಯಲ್ಲಿ ಪಂಕ್ತಿಸೇವೆಯೆಂಬ ಸಹಭೋಜನವಿದೆ. ಕುಲದ ಭೇದವಿಲ್ಲದೆ ಸಾಲಾಗಿ ಕುಳಿತು ಉಣ್ಣುವ ಈ ಪದ್ಧತಿಯಲ್ಲಿ ಕಲ್ಯಾಣದ ನೆನಪನ್ನು ಗುರುತಿಸುವುದು ಕಷ್ಟವಲ್ಲ.

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ಶರಣರು ನಿರಾಕರಿಸಿದುದು ಸ್ಥಾವರವೇ ಸರ್ವಸ್ವವೆಂಬ ಭ್ರಮೆಯನ್ನು. ಜಂಗಮವೆಂದರೆ ಚಲಿಸುವುದು. ಭಕ್ತನು ದೇವರನ್ನು ಅರಸಿ ಹೋಗಬೇಕಾಗಿಲ್ಲ. ಜಂಗಮವೇ ಭಕ್ತನ ಬಾಗಿಲಿಗೆ ನಡೆದು ಬರುತ್ತದೆ. ಈ ತತ್ತ್ವವನ್ನೇ ಕೊಳ್ಳೇಗಾಲ ಸೀಮೆಯ ಜನ ಕಥೆಯಾಗಿ ಮಾರ್ಪಡಿಸಿಕೊಂಡರು. ಅವರ ಮಾದೇಶ್ವರ, ಮಂಟೇಸ್ವಾಮಿ, ಸಿದ್ಧಪ್ಪಾಜಿಗಳೆಲ್ಲ ಚರಜಂಗಮರು. ದೇವರಗುಡ್ಡನು ಕಂಸಾಳೆ, ಜೋಳಿಗೆ, ರುದ್ರಾಕ್ಷಿಗಳನ್ನು ಪಡೆದು ಮನೆಮನೆಗೆ ಹೋಗುವುದು ಆ ನಡಿಗೆಯ ಮುಂದುವರಿಕೆ. ಹೀಗೆ ನೋಡಿದರೆ ಸುತ್ತುನಡಿಗೆಯು ಬೆಟ್ಟಕ್ಕೆ ಬರುವ ಪ್ರದಕ್ಷಿಣೆ ಮಾತ್ರವಲ್ಲ, ಊರುಗಳಿಗೆ, ಊರಿನ ಜನಕ್ಕೆ ಬರುವ ಪ್ರದಕ್ಷಿಣೆ. ಆದುದರಿಂದ ಅದು ಶರಣತತ್ತ್ವಕ್ಕೆ ವಿರೋಧವಲ್ಲ. ಆದರೆ ದಾರಿಯ ಊರುಗಳನ್ನು ಮರೆತು ಬೆಟ್ಟವನ್ನು ಮಾತ್ರ ನೆನೆದರೆ ಶರಣರ ಆಕ್ಷೇಪಕ್ಕೆ ಅದು ಖಂಡಿತ ಗುರಿಯಾಗುತ್ತದೆ.

ಇಂದು ಆ ಅಪಾಯವಿದೆ. ಬಸ್ಸು ಕಾರುಗಳಲ್ಲಿ ಕೊಳ್ಳೇಗಾಲದಿಂದ ಬೆಟ್ಟಕ್ಕೆ ಕೆಲವೇ ಗಂಟೆಗಳಲ್ಲಿ ತಲುಪುವ ಯಾತ್ರಿಕನಿಗೆ ಕುಂತೂರು ಒಂದು ಹೆಸರೂ ಅಲ್ಲ. ೨೦೧೧ರಲ್ಲಿ ಬಿಳಿಗಿರಿರಂಗನ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾಯಿತು, ೨೦೧೩ರಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮ ಘೋಷಿತವಾಯಿತು. ಹುಲಿಯನ್ನೇ ವಾಹನವಾಗಿ ಉಳ್ಳ ದೇವರ ಭಕ್ತರು ಕಾಡಿನ ಈ ಕಟ್ಟುಪಾಡುಗಳನ್ನು ಗೌರವಿಸುವುದು ಧರ್ಮವೇ ಆಗಿದೆ. ಆದರೆ ಕಾಡಿನ ಹೊರಗಿನ ಹಳ್ಳಿದಾರಿಗಳು ಇನ್ನೂ ತೆರೆದಿವೆ. ವಿದ್ಯಾಪೀಠಗಳಲ್ಲಿ ಷಡಕ್ಷರದೇವನನ್ನು ಒಂದು ತರಗತಿಯಲ್ಲಿಯೂ ಮಾದೇಶ್ವರ ಕಾವ್ಯವನ್ನು ಇನ್ನೊಂದರಲ್ಲಿಯೂ ಓದಿಸುವುದುಂಟು. ಒಂದು ಮಾರ್ಗ, ಇನ್ನೊಂದು ದೇಸಿ ಎಂದು ವಿಂಗಡಿಸುವುದುಂಟು. ಆದರೆ ಕವಿಯ ಗದ್ದುಗೆಗೂ ಕುಂತೂರು ಮಠಕ್ಕೂ ನಡುವೆ ನಡೆಯಲಾಗದಷ್ಟು ದೂರವಿಲ್ಲ. ಬೀದಿಯಲ್ಲಿ ಮಡಿದ ಶಿಶುವಿಗಾಗಿ ನ್ಯಾಯ ಬೇಡಿದ ತಾಯಿಯೂ, ಸೆರೆಯಲ್ಲಿದ್ದವರನ್ನು ಬಿಡಿಸಲು ಪಾದರಕ್ಷೆ ಹೊಲಿದ ಹರಳಯ್ಯನೂ ಒಂದೇ ನೆಲದ ಕಲ್ಪನೆಗಳು. ಈ ಸಂಬಂಧವನ್ನು ಗ್ರಂಥಾಲಯಕ್ಕಿಂತ ದಾರಿಯೇ ಚೆನ್ನಾಗಿ ಕಲಿಸಬಲ್ಲದು.

ಬಳೆಮಂಟಪದ ಕಲ್ಲಿನ ಬಳೆಗಳಂತೆ ಈ ಸೀಮೆಯ ಊರುಗಳು ಒಂದರೊಳಗೊಂದು ಕೋದುಕೊಂಡಿವೆ. ಅವುಗಳನ್ನು ಕೂಡಿಸಿ ಹಿಡಿದುದು ಅರಸರ ಆಜ್ಞೆಯಲ್ಲ, ಕಂದಾಯದ ಲೆಕ್ಕವೂ ಅಲ್ಲ. ಜೋಳಿಗೆ ಹೊತ್ತು ನಡೆದವರ ಹೆಜ್ಜೆಗಳು. ಆ ಹೆಜ್ಜೆಗಳು ನಿಲ್ಲದಿರುವಂತೆ ನೋಡಿಕೊಳ್ಳುವುದು ಭಕ್ತರ, ವಿದ್ಯಾರ್ಥಿಗಳ, ಮಠಗಳ ಕೂಡು ಹೊಣೆಯಾಗಿದೆ.