ಯಾರೂ ಇಲ್ಲದ ಬಯಲು

ಸಫಾರಿ ಎಂಬ ಮಾತು ಕನ್ನಡಕ್ಕೆ ಬರುವಾಗ ಜೀಪನ್ನೂ ಕಾಡುಪ್ರಾಣಿಯನ್ನೂ ಬೆನ್ನಿಗೆ ಕಟ್ಟಿಕೊಂಡೇ ಬಂತು. ಬಂಡೀಪುರದಲ್ಲಿ ಟಿಕೆಟ್ ಕೊಳ್ಳುವವರಿಗೆ ಅದು ಹುಲಿ ನೋಡುವ ಸುತ್ತಾಟ. ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ ಮಾತ್ರ ಅದರ ಅರ್ಥ ಬರೀ ಪ್ರಯಾಣ. ಬಸ್ಸು ಹತ್ತಿ ನೆಂಟರ ಮನೆಗೆ ಹೋಗುವುದೂ ಅಲ್ಲಿ ಸಫಾರಿಯೇ. ಅರಬ್ಬಿಯ ಸಫರ್‌ನಿಂದ ಹುಟ್ಟಿದ ಈ ಪದ, ಹಿಂದಿ ಹಾಡುಗಳಲ್ಲಿ ನಾವು ಕೇಳುವ ಸಫರ್‌ಗೆ ದಾಯಾದಿ. 19ನೇ ಶತಮಾನದಲ್ಲಿ ಝಾಂಜಿಬಾರಿನ ವರ್ತಕರು ಆನೆದಂತಕ್ಕೂ ಗುಲಾಮರಿಗೂ ಒಳನಾಡಿಗೆ ಕಳಿಸುತ್ತಿದ್ದ ತಂಡಗಳ ತಿಂಗಳುಗಟ್ಟಲೆಯ ಕಾಲ್ನಡಿಗೆಗೆ ಈ ಹೆಸರಿತ್ತು. ಆ ದಂತದಲ್ಲಿ ಒಂದು ಪಾಲು ಬೊಂಬಾಯಿಗೆ ಬಂದು ಬಳೆಯಾಗುತ್ತಿತ್ತು. ಹೊರೆ ಹೊತ್ತವರ ಬೆವರಿನಿಂದ ಹುಟ್ಟಿದ ಮಾತು ಇಂದು ಮನುಷ್ಯರೇ ಕಾಣದ ಚಿತ್ರವೊಂದರ ಹೆಸರಾಗಿದೆ. ಪೂರ್ವ ಆಫ್ರಿಕಕ್ಕೆ ಹೋಗಿ ಬಂದವರು ಸೆರೆಂಗೆಟಿಯನ್ನು ವರ್ಣಿಸುವಾಗ ‘ಮನುಷ್ಯ ಮುಟ್ಟದ ನೆಲ’ ಎನ್ನುವುದುಂಟು. ನಾನು ತಕರಾರು ತೆಗೆಯುವುದು ಈ ಮಾತಿಗೇ. ಆ ನೆಲವನ್ನು ಮನುಷ್ಯ ಮುಟ್ಟಿದ್ದಾನೆ, ಮೇಯಿಸಿದ್ದಾನೆ, ಸುಟ್ಟಿದ್ದಾನೆ. ಅದು ಖಾಲಿಯಾಗಿ ಕಾಣುವುದಕ್ಕೆ ತಾರೀಖುಗಳಿರುವ ಕಾರಣಗಳಿವೆ.

ಮೊದಲ ಕಾರಣ ಒಂದು ದನದ ರೋಗ. 1880ರ ದಶಕದ ಕೊನೆಗೆ ಎರಿಟ್ರಿಯದ ಕಡೆಯಿಂದ ಒಳಹೊಕ್ಕ ರಿಂಡರ್‌ಪೆಸ್ಟ್ ಕೆಲವೇ ವರ್ಷಗಳಲ್ಲಿ ಖಂಡದ ದಕ್ಷಿಣದ ತುದಿಯವರೆಗೆ ಇಳಿಯಿತು. ದನಗಳಷ್ಟೇ ಅಲ್ಲ, ಕಾಡೆಮ್ಮೆಗಳೂ ವೈಲ್ಡ್‌ಬೀಸ್ಟ್ ಎಂಬ ಹುಲ್ಲೆಗಳೂ ಸತ್ತವು. ಹಾಲನ್ನೇ ನಂಬಿ ಬದುಕುತ್ತಿದ್ದ ಮಸಾಯಿಗಳಿಗೆ ದನ ಹೋದದ್ದೆಂದರೆ ಊಟ, ತೆರ, ಮಾನ ಎಲ್ಲವೂ ಹೋದಂತೆ. ಜೊತೆಗೆ ಸಿಡುಬೂ ಬಂತು. 1892ರಲ್ಲಿ ಸೆರೆಂಗೆಟಿಯ ಪಕ್ಕದ ಗೊರೊಂಗೊರೊ ಕುಳಿಯ ಕಡೆ ಹಾದುಹೋದ ಆಸ್ಟ್ರಿಯದ ಆಸ್ಕರ್ ಬಾವುಮನ್ ಕಂಡದ್ದು ಎಲುಬುಗೂಡಾಗಿ ಅಲೆಯುತ್ತಿದ್ದ ಜನರನ್ನು. ಮೇಯುವ ದನವಿಲ್ಲ, ಹುಲ್ಲಿಗೆ ಬೆಂಕಿ ಇಡುವ ಕೈಯಿಲ್ಲ ಎಂದಾಗ ಎಷ್ಟೋ ಕಡೆ ಪೊದೆ ಬೆಳೆಯಿತು, ಪೊದೆಯ ಬೆನ್ನಿಗೆ ದನಗಳಿಗೆ ಮಾರಕ ರೋಗ ಹರಡುವ ಟ್ಸೆಟ್ಸೆ ನೊಣ ಬಂತು, ನೊಣವಿದ್ದಲ್ಲಿಗೆ ದನ ಮರಳುವಂತಿರಲಿಲ್ಲ. ಬ್ರಿಟಿಷರೂ ಜರ್ಮನರೂ ನಕ್ಷೆ ಬಿಡಿಸಿದ್ದು ಇದೇ ಹೊತ್ತಿನಲ್ಲಿ. ಹೆಣ ಎತ್ತಿದ ಮನೆಯನ್ನು ಯಾರೂ ವಾಸವಿಲ್ಲದ ಮನೆ ಎಂದು ಬರೆದುಕೊಂಡಂತಾಯಿತು.

ಆಮೇಲೆ ಬಂದದ್ದು ಬೇಟೆಯ ಸಫಾರಿ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರಕ್ಕೆ ಹಾಕಿದ ರೈಲುದಾರಿ ಅದಕ್ಕೆ ಬಾಗಿಲು ತೆರೆಯಿತು. ಅದನ್ನು ಹಾಕಿದವರು ಮುಖ್ಯವಾಗಿ ಪಂಜಾಬಿನಿಂದ ಹೋದ ಸುಮಾರು 32,000 ಕೂಲಿಗಳು. ಅವರಲ್ಲಿ ಸುಮಾರು 2,500 ಮಂದಿ ಅಲ್ಲೇ ಸತ್ತರು. ಆ ದಾರಿಯ ಸಾವೋದಲ್ಲಿ ಕೂಲಿಗಳನ್ನು ಹಿಡಿದ ಎರಡು ನರಭಕ್ಷಕ ಸಿಂಹಗಳ ಕಥೆ ಎಲ್ಲರಿಗೂ ಗೊತ್ತು, ಜ್ವರ, ಭೇದಿಗಳಿಂದ ಸತ್ತವರ ಕಥೆ ಯಾರಿಗೂ ಬೇಡ. 1909ರಲ್ಲಿ ಇದೇ ರೈಲಿನ ಎಂಜಿನ್ನಿನ ಮುಂದಿನ ಆಸನದಲ್ಲಿ ಕೂತು, ಬೇಟೆಗೆ ಬಂದ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಬಯಲು ನೋಡುತ್ತಾ ಹೋದರು. ಹೊಡೆದ ಪ್ರಾಣಿಗಳ ತೊಗಲು ಕೆಡದಿರಲೆಂದು ನಾಲ್ಕು ಟನ್ ಉಪ್ಪು, ಅದನ್ನೆಲ್ಲ ಹೊರಲು ಇನ್ನೂರಕ್ಕೂ ಹೆಚ್ಚು ಆಳುಗಳು. ಅವರೂ ಅವರ ಮಗನೂ ಇಬ್ಬರೇ ಹೊಡೆದ ಪ್ರಾಣಿಗಳ ಲೆಕ್ಕ 512. ಇದು ವಿಜ್ಞಾನಕ್ಕಾಗಿ, ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಕ್ಕಾಗಿ ಎಂಬ ಸಮರ್ಥನೆ ಪೂರ್ತಿ ಸುಳ್ಳಲ್ಲ. ಆದರೆ ಕಾಡುಪ್ರಾಣಿಯ ಮಾಂಸವನ್ನು ಸಾಮಾನ್ಯವಾಗಿ ಮುಟ್ಟದ ಮಸಾಯಿಗಳಿಂದ ಪ್ರಾಣಿಗಳನ್ನು ಕಾಪಾಡಬೇಕೆಂದು ಮುಂದೆ ವಾದಿಸಿದವರು ಬೇಟೆಯ ಈ ಲೆಕ್ಕವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕಿತ್ತು.

ಸೆರೆಂಗೆಟಿ 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1959ರಲ್ಲಿ ಅದರಿಂದ ಗೊರೊಂಗೊರೊವನ್ನು ಬೇರೆ ಮಾಡಿ, ಸೆರೆಂಗೆಟಿಯ ಮಸಾಯಿಗಳನ್ನು ಅಲ್ಲಿಗೆ ಕಳಿಸಲಾಯಿತು. ಅದೇ ವರ್ಷ ಬಂದ ಜರ್ಮನಿಯ ಬೆರ್ನ್‌ಹಾರ್ಡ್ ಗ್ರಿಮೆಕ್ ಅವರ ಸಾಕ್ಷ್ಯಚಿತ್ರ ಆಸ್ಕರ್ ಗೆದ್ದು, ಜನರಿಲ್ಲದ ಸೆರೆಂಗೆಟಿಯನ್ನು ಜಗತ್ತಿನ ಕಣ್ಣಿಗೆ ಕಟ್ಟಿತು. ಹಾಗಾದರೆ ಈ ಗಡಿ ಹಾಕದಿದ್ದರೆ ಇಂದು ಅಲ್ಲಿ ಏನು ಉಳಿಯುತ್ತಿತ್ತು ಎಂದು ಕೇಳಬಹುದು. ಪ್ರಶ್ನೆ ಹಗುರವಲ್ಲ. 1970, 80ರ ದಶಕಗಳಲ್ಲಿ ದಂತಚೋರರು ಕೀನ್ಯಾದ ಆನೆಗಳನ್ನು ಹೇಗೆ ಸವರಿದರೆಂಬುದನ್ನು ನೋಡಿದರೆ, ಕಾವಲಿಲ್ಲದೆ ಕಾಡಿಲ್ಲ ಎನ್ನಲೇಬೇಕು. ಆದರೆ ಚೋರನನ್ನು ತಡೆಯುವುದು ಒಂದು, ದನಗಾಹಿಯನ್ನು ಒಕ್ಕಲೆಬ್ಬಿಸುವುದು ಇನ್ನೊಂದು. ಇವೆರಡನ್ನೂ ಒಂದೇ ಬೇಲಿಯ ಕೆಲಸ ಎನ್ನುವವರಿಗೆ ವೈಲ್ಡ್‌ಬೀಸ್ಟ್‌ಗಳ ಲೆಕ್ಕವೇ ಅಡ್ಡ ಬರುತ್ತದೆ. 1960ರ ದಶಕದ ಆರಂಭದಲ್ಲಿ ಸುಮಾರು ಎರಡೂವರೆ ಲಕ್ಷವಿದ್ದ ಅವು 1970ರ ದಶಕದ ಕೊನೆಗೆ 13 ಲಕ್ಷದ ಆಸುಪಾಸಿಗೆ ಏರಿದವು. ಬೇಸಿಗೆಯಲ್ಲಿ ಸುರಿದ ಹೆಚ್ಚಿನ ಮಳೆಯೂ ನೆರವಾಯಿತು. ಆದರೆ ಆ ಏರಿಕೆಯನ್ನು ಶುರುಮಾಡಿದ್ದು ಉದ್ಯಾನದ ಸುತ್ತಮುತ್ತಲ ದನಗಳಿಗೆ ಹಾಕಿದ ರಿಂಡರ್‌ಪೆಸ್ಟ್ ಲಸಿಕೆ. ಸೋಂಕು ದನದಿಂದ ಕಾಡುಪ್ರಾಣಿಗೆ ಹೋಗುತ್ತಿತ್ತು. ದನದಲ್ಲಿ ನಿಂತಾಗ ಕಾಡಿನಲ್ಲೂ ನಿಂತಿತು. ಹೊರಗಟ್ಟಿದ ದನಗಳಿಗೆ ಚುಚ್ಚಿದ ಸೂಜಿ ಒಳಗಿನ ಹಿಂಡನ್ನು ಬದುಕಿಸಿತು! ಹಿಂಡು ಹೆಚ್ಚಿ ಹುಲ್ಲು ಸವೆದಾಗ ಕಾಳ್ಗಿಚ್ಚು ಕಡಿಮೆಯಾಯಿತು, ಮರಗಳು ಮತ್ತೆ ಎದ್ದವು. ಇಂದಿನ ಪ್ರವಾಸಿ ಆದಿಮ ಎಂದು ಬೆರಗುಪಡುವ, ವೈಲ್ಡ್‌ಬೀಸ್ಟ್‌ಗಳ ಮಹಾವಲಸೆಯ ಈ ಗಾತ್ರಕ್ಕೆ ಲಸಿಕೆಯ ವಯಸ್ಸಷ್ಟೇ.

ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿ: ಅಂದಿನ ಮಸಾಯಿಗಳೇ ಬೇರೆ, ಇಂದಿನವರೇ ಬೇರೆ. 1959ರಲ್ಲಿ ಗೊರೊಂಗೊರೊದಲ್ಲಿ ಸುಮಾರು 8,000 ಇದ್ದ ಜನ ಈಗ 90,000 ದಾಟಿದ್ದಾರೆ ಎಂಬುದು ಟಾಂಜಾನಿಯಾ ಸರ್ಕಾರದ ಲೆಕ್ಕ. ಅಷ್ಟು ಮಂದಿ, ಅಷ್ಟು ದನ, ಅದೇ ನೆಲ. ಹಳೆಯ ಹೊಂದಾಣಿಕೆ ಹಾಗೇ ನಡೆದೀತು ಎನ್ನುವುದು ಭ್ರಮೆ, ಒಪ್ಪೋಣ. ಆದರೆ ಒತ್ತಡವನ್ನು ಲೆಕ್ಕ ಹಾಕುವವರು ಕುಳಿಯ ಅಂಚಿನ ಹೋಟೆಲುಗಳನ್ನೂ ಧೂಳೆಬ್ಬಿಸುವ ಜೀಪುಗಳ ಸಾಲನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು. ಅಲ್ಲದೆ, ಈ ನೆಲದಲ್ಲಿ ಮನುಷ್ಯ ಹೊರಗಿನವನೆಂದು ಹೇಳುವುದು ತೀರಾ ಕಷ್ಟ: ಎರಡು ಕಾಲಲ್ಲಿ ನಡೆದವರು ಸುಮಾರು 36 ಲಕ್ಷ ವರ್ಷಗಳ ಹಿಂದೆ ಬೂದಿಯಲ್ಲಿ ಮೂಡಿಸಿದ ಹೆಜ್ಜೆಗುರುತುಗಳು ಸಿಕ್ಕಿದ್ದು ಇದೇ ಗೊರೊಂಗೊರೊ ವಲಯದ ಲೇಟೋಲಿಯಲ್ಲಿ. 1959ರಲ್ಲಿ, ಪ್ರಾಣಿಗಳ ಹಿತ ಮತ್ತು ಮಸಾಯಿಗಳ ಹಿತ ಎದುರುಬದುರಾದರೆ ಮಸಾಯಿಗಳದ್ದೇ ಮೊದಲು ಎಂದು ಬ್ರಿಟಿಷ್ ಗವರ್ನರ್ ಅವರಿಗೆ ಮಾತು ಕೊಟ್ಟಿದ್ದರು. 2022ರಿಂದ ಅದೇ ಜನರನ್ನು ನೂರಾರು ಕಿಲೋಮೀಟರ್ ದೂರದ ಹಂಡೇನಿಯ ಮ್ಸೊಮೆರಾಕ್ಕೆ ಸಾಗಿಸಲಾಗುತ್ತಿದೆ. ಅವರೇ ಇಷ್ಟಪಟ್ಟು ಹೊರಟರೆಂದು ಸರ್ಕಾರ ಹೇಳುತ್ತದೆ. ಶಾಲೆ, ಆಸ್ಪತ್ರೆಗಳಿಗೆ ಬರುವ ಹಣ ನಿಲ್ಲಿಸಿ ಹೊರಡಿಸಿದರೆಂದು ಮಸಾಯಿಗಳು ಹೇಳುತ್ತಾರೆ.