ರಣರಂಗವನ್ನು ಕಾಣದೆ ಕಡಲಲ್ಲಿ ಮಡಿದವರು

ಯಾವ ಧರ್ಮಕೇಂದ್ರದ ಚರಿತ್ರೆಯನ್ನು ಬರೆಯಹೊರಟವರಾದರೂ ಮೊದಲು ಕೈಗೆತ್ತಿಕೊಳ್ಳುವುದು ಅದರ ದಫ್ತರಗಳನ್ನು. ಜ್ಞಾನಸ್ನಾನ, ವಿವಾಹ, ಮರಣ ಎಂಬ ಮೂರು ಪುಸ್ತಕಗಳಲ್ಲಿ ಊರಿನ ವಿಶ್ವಾಸಿಗಳ ಬಾಳೆಲ್ಲವೂ ಅಡಗಿರುತ್ತದೆ. ಆದರೆ ಮರಣದ ಪುಸ್ತಕವು ಸಾಮಾನ್ಯವಾಗಿ ಇಲ್ಲಿಯೇ ಮಣ್ಣಾದವರನ್ನು ಬಲ್ಲದು. ಊರು ಬಿಟ್ಟು ಹೋಗಿ ಕಡಲಿನ ನಡುವೆ ಸತ್ತವನಿಗೆ ಅದರಲ್ಲಿ ಸಾಲು ದೊರೆಯುವುದಿಲ್ಲ. ಶತಮಾನೋತ್ಸವದ ಈ ಸಂಚಿಕೆಯಲ್ಲಿ ಹಿರಿಯರನ್ನು ಸ್ಮರಿಸುತ್ತಿರುವ ನಾವು, ಹಾಗೆ ಪುಸ್ತಕದ ಹೊರಗೆ ಉಳಿದವರ ವಿಷಯವಾಗಿಯೂ ನಾಲ್ಕು ಮಾತು ಬರೆಯುವುದು ಯುಕ್ತವೆಂದು ಭಾವಿಸಿದ್ದೇವೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನಮ್ಮ ಸೀಮೆಯು ಕೃಷ್ಣೆ, ದೂಧಗಂಗೆ, ವೇದಗಂಗೆಯರ ಸೀಮೆ. ಇಲ್ಲಿಯ ರೈತನು ಹೊಳೆಯ ಮಹಾಪೂರವನ್ನು ಬಲ್ಲನೇ ಹೊರತು ಸಮುದ್ರವನ್ನಲ್ಲ. 1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾದಾಗ ಚಿಕ್ಕೋಡಿ, ಅಥಣಿಗಳು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಗೂ ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೂ ಸೇರಿದ್ದವು. ಈ ಭಾಗದ ತರುಣರು ಮರಾಠಾ ಪಲ್ಟಣಗಳಲ್ಲಿ ಭರ್ತಿಯಾಗುತ್ತಿದ್ದರು. 1914ರ ಅಕ್ಟೋಬರ್ 16ರಂದು ಮುಂಬಯಿಯಿಂದ ಹೊರಟ ಪುಣೆ ಡಿವಿಜನ್ನಿನ ಮೊದಲ ದಂಡಿನಲ್ಲಿ 117ನೆಯ ಮರಾಠಾ ಪಲ್ಟಣವೂ ಇತ್ತು. ಹಡಗುಗಳು 23ಕ್ಕೆ ಬಹರೇನ್ ತಲುಪಿ, ಆ ಬಿಸಿಲಿನಲ್ಲಿ ಲಂಗರು ಹಾಕಿ ಕಾಯ್ದವು. ಇರಾಕಿನ ಫಾವ್ ದಂಡೆಯಲ್ಲಿ ಸೈನ್ಯವು ಇಳಿಯತೊಡಗಿದ್ದು ನವೆಂಬರ್ 6ರಂದು. ಸುಮಾರು ಮೂರು ವಾರ ಹಡಗೇ ಅವರ ಮನೆ. ಅಂಥ ಪ್ರಯಾಣಗಳಲ್ಲಿ ರೋಗದಿಂದ ಸತ್ತವನ ದೇಹವನ್ನು ದಪ್ಪ ಬಟ್ಟೆಯಲ್ಲಿ ಹೊಲಿದು, ಭಾರ ಕಟ್ಟಿ, ನೀರಿಗೆ ಇಳಿಸುವುದೇ ಪದ್ಧತಿ. ಹಿಂದೂ ಸಿಪಾಯಿಗೆ ಚಿತೆಯಿಲ್ಲ. ಮುಸಲ್ಮಾನನಿಗೂ ಕ್ರೈಸ್ತನಿಗೂ ಮಣ್ಣಿಲ್ಲ.

ಪಶ್ಚಿಮದ ಮೆಡಿಟರೇನಿಯನ್ ಸಮುದ್ರದಲ್ಲಿ ಇದಕ್ಕಿಂತಲೂ ಘೋರವಾದ ಭಯವಿತ್ತು. ಅಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಹೊಂಚುಹಾಕಿದ್ದವು. ತುರ್ಕಸ್ತಾನದ ಗಲಿಪೋಲಿಯಲ್ಲಿ ಹೋರಾಡುತ್ತಿದ್ದ ಭಾರತೀಯ ಪಲ್ಟಣಗಳಿಗೆ ಪೂರೈಕೆಯಾಗಿ ಸಿಖ್ ಮತ್ತು ಗೂರ್ಖಾ ಸಿಪಾಯಿಗಳನ್ನು ಹೊತ್ತು, ‘ರಮಜಾನ್’ ಎಂಬ ಹಡಗು ಅಲೆಕ್ಸಾಂಡ್ರಿಯಾದಿಂದ ಲೆಮ್ನೋಸ್ ದ್ವೀಪದ ಮುದ್ರೋಸ್ ಬಂದರಿನತ್ತ ಹೊರಟಿತ್ತು. 1915ರ ಸೆಪ್ಟೆಂಬರ್ 19ರಂದು ಗ್ರೀಸ್ ದೇಶದ ದಕ್ಷಿಣಕ್ಕೆ ಯು-35 ಎಂಬ ಜಲಾಂತರ್ಗಾಮಿಯು ಅದನ್ನು ಫಿರಂಗಿ ಗುಂಡುಗಳಿಂದ ಹೊಡೆದು ಮುಳುಗಿಸಿತು. ಮುನ್ನೂರಕ್ಕೂ ಹೆಚ್ಚು ಜನ ಮಡಿದರು. ತಾವು ಹೊರಟಿದ್ದ ಯುದ್ಧವನ್ನು ಅವರು ಕಣ್ಣಿನಿಂದ ನೋಡಲೇ ಇಲ್ಲ.

ಅದೇ ವರ್ಷ, ಅದೇ ಗಲಿಪೋಲಿಗೆ ಹೊರಟ ಇನ್ನೊಬ್ಬನಿದ್ದನು. ಆಂಗ್ಲ ಕವಿ ರೂಪರ್ಟ್ ಬ್ರೂಕ್. ಸೊಳ್ಳೆ ಕಡಿದ ಗಾಯವು ನಂಜೇರಿ, ಏಪ್ರಿಲ್ 23ರಂದು ಸ್ಕಿರೋಸ್ ದ್ವೀಪದ ಬಳಿ ಫ್ರೆಂಚ್ ಆಸ್ಪತ್ರೆ ಹಡಗಿನಲ್ಲಿ ಅವನು ತೀರಿಕೊಂಡನು. ವಯಸ್ಸು 27. ಗಲಿಪೋಲಿಯಲ್ಲಿ ಸೈನ್ಯ ಇಳಿದದ್ದು ಅದಾದ ಎರಡು ದಿನಕ್ಕೆ. ಸಂಗಡಿಗರು ಆ ರಾತ್ರಿಯೇ ಅವನನ್ನು ದ್ವೀಪದ ಆಲಿವ್ ತೋಪಿನಲ್ಲಿ ಹೂಳಿದರು; ಚರ್ಚಿಲ್ಲರು ಲಂಡನ್ನಿನ ಪತ್ರಿಕೆಯಲ್ಲಿ ಶ್ರದ್ಧಾಂಜಲಿ ಬರೆದರು. ಆ ಗೋರಿಯನ್ನು ನೋಡಲು ಇಂದಿಗೂ ಜನ ಹೋಗುತ್ತಾರೆ. ಬ್ರೂಕನ ಮೇಲೆ ನಮಗೆ ಅಸೂಯೆಯಿಲ್ಲ, ಅವನೂ ಒಬ್ಬ ತಾಯಿಯ ಮಗನೇ. ಆದರೆ ಐದು ತಿಂಗಳ ತರುವಾಯ ಅದೇ ದಾರಿಯಲ್ಲಿ ಸತ್ತ ಆ ಮುನ್ನೂರು ತಾಯಂದಿರ ಮಕ್ಕಳ ಹೆಸರನ್ನು ಯಾರು ಬಲ್ಲರು?

ಇದು ಮರೆವಿನಿಂದ ಮಾತ್ರ ಆದುದಲ್ಲ. 1929ರಲ್ಲಿ ಬಸ್ರಾದಲ್ಲಿ ಸ್ಮಾರಕವನ್ನು ಕಟ್ಟಿದಾಗ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕೆತ್ತಿಸಿದರು, ಭಾರತೀಯ ಅಧಿಕಾರಿಗಳದನ್ನೂ ಕೆತ್ತಿಸಿದರು. ಸಾಮಾನ್ಯ ಭಾರತೀಯ ಸಿಪಾಯಿಗೆ ಮಾತ್ರ ಪಲ್ಟಣದ ಹೆಸರಿನ ಕೆಳಗೆ ಒಂದು ಸಂಖ್ಯೆ. ನಮ್ಮ ನಾಡಿನ ಹಳ್ಳಿಗಳಲ್ಲಿ ಸರಕಾರ ನೆಡಿಸಿದ ಕಲ್ಲುಗಳೂ ಹಾಗೆಯೇ. ಈ ಹಳ್ಳಿಯಿಂದ ಇಷ್ಟು ಜನ ಹೋದರು, ಇಷ್ಟು ಜನ ಪ್ರಾಣ ಕೊಟ್ಟರು ಎಂಬ ಲೆಕ್ಕ, ಅಷ್ಟೇ. ಯುದ್ಧ ಸಮಾಧಿಗಳ ಕಾಮನ್‌ವೆಲ್ತ್ ಆಯೋಗವು 2021ರಲ್ಲಿ ಈ ಭೇದಭಾವವನ್ನು ಒಪ್ಪಿಕೊಂಡು ಕ್ಷಮೆ ಕೋರಿತು. ಕನಿಷ್ಠ 1,16,000 ಜನರನ್ನು ಹೆಸರಿನಿಂದ ಸ್ಮರಿಸಿರಲಿಲ್ಲ, ಅವರಲ್ಲಿ ಕೆಲವರನ್ನು ಸ್ಮರಿಸಿಯೇ ಇರಲಿಲ್ಲ ಎಂದು ಅದರ ವರದಿಯು ಹೇಳಿತು. ನೂರು ವರ್ಷಗಳ ಮೇಲೆ ಬಂದ ಕ್ಷಮೆ!

ಧರ್ಮಸಭೆಯು ಆ ದಿನಗಳಲ್ಲಿ ಮಾಡಿದ ಒಂದು ಕಾರ್ಯವನ್ನು ಇಲ್ಲಿ ನೆನೆಯಬೇಕು. ‘ರಮಜಾನ್’ ಮುಳುಗುವುದಕ್ಕೆ ಐದಾರು ವಾರ ಮುಂಚೆ, 1915ರ ಆಗಸ್ಟ್ 10ರಂದು, ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಒಂದು ಆಜ್ಞೆ ಹೊರಡಿಸಿದರು. ನವೆಂಬರ್ 2ರ ಸಕಲ ಮೃತರ ದಿನದಂದು ಪ್ರತಿಯೊಬ್ಬ ಗುರುವೂ ಮೂರು ಬಲಿಪೂಜೆಗಳನ್ನು ಅರ್ಪಿಸಬಹುದು. 1748ರಿಂದ ಸ್ಪೇನ್, ಪೋರ್ಚುಗಲ್ ರಾಜ್ಯಗಳಿಗೆ ಇದ್ದ ಈ ಹಕ್ಕು, ಯುದ್ಧದಲ್ಲಿ ಸತ್ತವರ ರಾಶಿಯನ್ನು ಕಂಡು, ಇಡೀ ಜಗತ್ತಿಗೆ ದೊರೆಯಿತು. ಒಂದು ಪೂಜೆ ಗುರುವಿನ ಇಷ್ಟದ ಉದ್ದೇಶಕ್ಕೆ, ಒಂದು ಜಗದ್ಗುರುಗಳ ಉದ್ದೇಶಕ್ಕೆ. ಇನ್ನೊಂದು ಮೃತರಾದ ಸಕಲ ವಿಶ್ವಾಸಿಗಳಿಗೆ. ಈ ಕೊನೆಯದರಲ್ಲಿ ಹೆಸರು ಓದಬೇಕಾಗಿಲ್ಲ, ಗೋರಿ ತೋರಿಸಬೇಕಾಗಿಲ್ಲ.

ಆ ದಿನ ಸ್ಮಶಾನದಲ್ಲಿ ತಮ್ಮವರ ಗೋರಿಗೆ ಹೂವಿಟ್ಟ ಮೇಲೆ, ನಡುವಣ ದೊಡ್ಡ ಶಿಲುಬೆಯ ಬುಡದಲ್ಲಿ ಇನ್ನೊಂದು ಮೇಣದ ಬತ್ತಿ ಹಚ್ಚುವವರುಂಟು. ಯಾರಿಗೆಂದು ಕೇಳಿದರೆ, ಬೇರೆ ಕಡೆ ಸತ್ತವರಿಗೆ ಎನ್ನುತ್ತಾರೆ.