ಒಮ್ಮುಖದ ತಂತಿ ಇಮ್ಮುಖವಾದ ಕಥೆ: ಸಣ್ಣ ಉದ್ಯಮ ಮತ್ತು ಕೇಬಲ್ ಮೋಡೆಮ್



ವೈದ್ಯವೃತ್ತಿಯವರಾದ ನಾವು ತಂತ್ರಜ್ಞಾನದ ಇತಿಹಾಸವನ್ನು ಕುರಿತು ಮಾತನಾಡಲು ನಿಂತಿರುವುದು ನಿಮ್ಮಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಈ ಅಮೆರಿಕ ದೇಶದಲ್ಲಿ ಸ್ವಂತ ಚಿಕಿತ್ಸಾಲಯ ನಡೆಸುವ ವೈದ್ಯರೂ ಸಣ್ಣ ಉದ್ಯಮಿಗಳೇ. ಅಂಗಡಿಯನ್ನೋ ಲೆಕ್ಕಪತ್ರದ ಕಚೇರಿಯನ್ನೋ ನಡೆಸುವ ಬಂಧುಗಳಂತೆ ನಾವೂ ಗಣಕಯಂತ್ರವನ್ನೇ ನೆಚ್ಚಿಕೊಂಡವರು. ನಮ್ಮಲ್ಲಿ ಅನೇಕರ ಬಾಗಿಲಿಗೆ ವೇಗದ ಅಂತರಜಾಲ ಮೊದಲು ಬಂದದ್ದು ವ್ಯಾಪಾರಕ್ಕೆಂದು ಹಾಕಿದ ತಂತಿಯಿಂದಲ್ಲ, ಮನೆಮಂದಿಯ ಮನರಂಜನೆಗೆಂದು ಎಳೆದ ತಂತಿಯಿಂದ. ಅದರ ಗುಣವೂ ದೋಷವೂ ಆ ಹುಟ್ಟಿನಿಂದಲೇ ಬಂದಿವೆ ಎಂಬುದು ಇಂದಿನ ನಮ್ಮ ನಿವೇದನೆ.

ಕಥೆ ಆರಂಭವಾಗುವುದು ಒಂದು ಅಂಗಡಿಯಿಂದ. ಪೆನ್ಸಿಲ್ವೇನಿಯಾದ ಮಹನಾಯ್ ಸಿಟಿ ಬೆಟ್ಟಗಳ ನಡುವಿನ ಕಲ್ಲಿದ್ದಲು ಗಣಿಗಳ ಊರು. ಫಿಲಡೆಲ್ಫಿಯಾದ ಟೆಲಿವಿಷನ್ ಅಲೆಗಳನ್ನು ಬೆಟ್ಟಗಳು ತಡೆಯುತ್ತಿದ್ದವು. ಅಲ್ಲಿ ವಿದ್ಯುತ್ ಉಪಕರಣಗಳನ್ನು ಮಾರುತ್ತಿದ್ದ ಜಾನ್ ವಾಲ್ಸನ್ ಅವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಚಿತ್ರವೇ ಕಾಣದ ಪೆಟ್ಟಿಗೆಯನ್ನು ಕೊಳ್ಳುವವರಾರು? 1948ರಲ್ಲಿ ಅವರು ಬೆಟ್ಟದ ಮೇಲೆ ಆಂಟೆನಾ ನೆಟ್ಟು, ಅಂಗಡಿಯವರೆಗೆ ತಂತಿ ಎಳೆದರೆಂದು ಕೇಬಲ್ ಉದ್ಯಮದ ಇತಿಹಾಸ ಹೇಳುತ್ತದೆ. ಅದೇ ವರ್ಷ ಒರೆಗಾನಿನ ಅಸ್ಟೋರಿಯಾದಲ್ಲಿ ಎಡ್ ಪಾರ್ಸನ್ಸ್ ಅವರೂ ಇಂತಹದೇ ಪ್ರಯೋಗ ಮಾಡಿದರು.

ಈ ಜಾಲದ ಸ್ವಭಾವ ಒಮ್ಮುಖ. ತಂತಿಯಲ್ಲಿ ಸಾಗುತ್ತ ಕ್ಷೀಣಿಸುವ ಸಂಕೇತವನ್ನು ಬಲಪಡಿಸಲು ಅಲ್ಲಲ್ಲಿ ಇಟ್ಟ ಆಂಪ್ಲಿಫೈಯರುಗಳು ಹೃದಯದ ಕವಾಟಗಳಂತೆ ಒಂದೇ ದಿಕ್ಕಿಗೆ ತೆರೆಯುತ್ತಿದ್ದವು. ಅಪಧಮನಿ ಇತ್ತು, ಅಭಿಧಮನಿ ಇರಲಿಲ್ಲ. ಅಂತರಜಾಲಕ್ಕಾದರೋ ಹೋಗುವ ದಾರಿಯಷ್ಟೇ ಬರುವ ದಾರಿಯೂ ಬೇಕು. ಆದ್ದರಿಂದ ಕೇಬಲ್ ಕಂಪನಿಗಳು 1990ರ ದಶಕದಲ್ಲಿ ಬಡಾವಣೆಗಳವರೆಗೆ ಗಾಜಿನ ಎಳೆಯ ಫೈಬರ್ ತಂತಿ ಹಾಕಿ, ಆಂಪ್ಲಿಫೈಯರುಗಳನ್ನು ಇಮ್ಮುಖಗೊಳಿಸಬೇಕಾಯಿತು. ಮರಳುವ ಮಾತಿಗೆ ದೊರೆತದ್ದು 5ರಿಂದ 42 ಮೆಗಾಹರ್ಟ್ಸ್‌ವರೆಗಿನ ಕಿರಿದಾದ ಓಣಿ ಮಾತ್ರ. ಅದರಲ್ಲಿಯೂ ಮನೆಮನೆಯ ಯಂತ್ರಗಳ ವಿದ್ಯುತ್ ಗದ್ದಲವೆಲ್ಲ ಬಂದು ಸೇರುತ್ತಿತ್ತು.

ಮೋಡೆಮ್ಮಿನ ಚರಿತ್ರೆಯಲ್ಲಿ ನಮ್ಮಂತಹ ವಲಸಿಗರೊಬ್ಬರ ಹೆಸರಿದೆ. ಇರಾನಿನಲ್ಲಿ ಹುಟ್ಟಿದ ಇಂಜಿನಿಯರ್ ರೂಜ್‌ಬೆ ಯಾಸಿನಿ 1990ರಲ್ಲಿ ಲ್ಯಾನ್‌ಸಿಟಿ ಎಂಬ ಕಂಪನಿ ಸ್ಥಾಪಿಸಿ ಈ ಯಂತ್ರವನ್ನು ರೂಪಿಸಿದರು. 1996ರಲ್ಲಿ ಆ್ಯಟ್‌ಹೋಮ್ ಸಂಸ್ಥೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಸೇವೆ ಆರಂಭಿಸಿತು. ಒಂದು ಕಂಪನಿಯ ಮೋಡೆಮ್ ಇನ್ನೊಂದರ ಜಾಲಕ್ಕೆ ಹೊಂದದ ತೊಡಕನ್ನು ನೀಗಲು 1997ರ ಮಾರ್ಚಿನಲ್ಲಿ ಡಾಕ್ಸಿಸ್ ಎಂಬ ಸಮಾನ ನಿಯಮಾವಳಿ ಹೊರಬಂದಿತು.

ಇದರಿಂದಾದ ಲಾಭವನ್ನು ಲೆಕ್ಕ ಹಾಕಿ ನೋಡೋಣ. 10 ಮೆಗಾಬೈಟಿನ ಒಂದು ಕಡತವನ್ನು 28.8 ಕಿಲೋಬಿಟ್ ವೇಗದ ದೂರವಾಣಿ ಮೋಡೆಮ್ಮಿನಲ್ಲಿ ತರಿಸಲು ಸುಮಾರು 46 ನಿಮಿಷ ಬೇಕು, ಸೆಕೆಂಡಿಗೆ 1.5 ಮೆಗಾಬಿಟ್ ವೇಗದಲ್ಲಿ ಒಂದು ನಿಮಿಷವೂ ಬೇಡ. ಈ ವೇಗವನ್ನು ಕೊಡುತ್ತಿದ್ದ ಟಿ-1 ಎಂಬ ಮೀಸಲು ತಂತಿಗೆ ತಿಂಗಳಿಗೆ ನೂರಾರು, ಹಲವೊಮ್ಮೆ ಸಾವಿರಕ್ಕೂ ಮಿಕ್ಕ ಡಾಲರ್ ತೆರಬೇಕಿತ್ತು. ಕೇಬಲ್ ಸೇವೆ ಮನೆಗಳಿಗೆ 40 ಡಾಲರಿನ ಆಸುಪಾಸಿಗೇ ಸಿಕ್ಕಿತು. ದೊಡ್ಡ ಆಸ್ಪತ್ರೆಗೂ ಬ್ಯಾಂಕಿಗೂ ಮಾತ್ರ ಎಟಕುತ್ತಿದ್ದುದು ಹೀಗೆ ಇಬ್ಬರು ನೌಕರರ ಕಚೇರಿಯ ಕೈಗೂ ಎಟಕುವಂತಾಯಿತು.

ಇನ್ನು ಹುಟ್ಟಿನಿಂದ ಬಂದ ಕೊರತೆಗಳು. ತಂತಿ ಹಾದುಹೋಗಿದ್ದು ಮನೆಗಳ ಮುಂದೆ. ಎಷ್ಟೋ ಅಂಗಡಿಬೀದಿಗಳಲ್ಲಿ ಅದು ಇರಲೇ ಇಲ್ಲ. ಬಡಾವಣೆಯವರೆಲ್ಲ ಒಂದೇ ತಂತಿಯನ್ನು ಹಂಚಿಕೊಳ್ಳುವುದರಿಂದ, ಎಲ್ಲ ಮನೆಗಳ ನಲ್ಲಿ ತೆರೆದಾಗ ನೀರು ಸಣ್ಣಗಾಗುವಂತೆ ಸಂಜೆಯ ಹೊತ್ತು ವೇಗ ಕುಗ್ಗುತ್ತಿತ್ತು. ಹಗಲಿನಲ್ಲಿ ಕೆಲಸಮಾಡುವ ಕಚೇರಿಗೆ ಇದೇ ಅನುಕೂಲವೂ ಆಯಿತೆನ್ನಿ. ಸಾಮಾನ್ಯವಾಗಿ ಒಂದು ಮೋಡೆಮ್ಮಿಗೆ ಒಂದೇ ವಿಳಾಸ; ಕಚೇರಿಯಲ್ಲಿ ಐದು ಗಣಕಗಳಿದ್ದರೆ ಏನು ಮಾಡುವುದು? ಹೊರಗಿನ ಒಂದೇ ವಿಳಾಸವನ್ನು ಒಳಗಿನ ಹಲವು ಯಂತ್ರಗಳು ಹಂಚಿಕೊಳ್ಳುವ ವಿಧಾನವನ್ನು ಎಗೆವಾಂಗ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು 1994ರಲ್ಲಿ ವಿವರಿಸಿದ್ದರು. ಪುಟ್ಟ ರೌಟರ್ ಪೆಟ್ಟಿಗೆಗಳು ಅದನ್ನು ಅಗ್ಗವಾಗಿ ಒದಗಿಸಿದಾಗ ಸಣ್ಣ ಕಚೇರಿಯ ತೊಡಕು ಬಗೆಹರಿಯಿತು.

ವೈದ್ಯರಾಗಿ ನಾವು ಒತ್ತಿ ಹೇಳಬೇಕಾದ ಮಾತೊಂದಿದೆ. ಆರಂಭದ ವರ್ಷಗಳಲ್ಲಿ ಮೋಡೆಮ್ಮಿಗೆ ನೇರವಾಗಿ ಜೋಡಿಸಿದ ವಿಂಡೋಸ್ ಗಣಕದಲ್ಲಿ ಕಡತ ಹಂಚಿಕೆಯ ಸೌಲಭ್ಯ ತೆರೆದಿದ್ದರೆ, ನೆರೆಮನೆಯವರ ಪರದೆಯಲ್ಲಿ ಅದರ ಹೆಸರು ಮೂಡುವ ಸಂಭವವಿತ್ತು. ಗುಪ್ತಪದವಿಲ್ಲದಿದ್ದರೆ ಒಳಗಿನ ಕಡತಗಳೂ ತೆರೆಯುತ್ತಿದ್ದವು. ಮನೆಯಲ್ಲಾದರೆ ಅದು ಮುಜುಗರ, ಚಿಕಿತ್ಸಾಲಯದಲ್ಲಾದರೆ ರೋಗಿಯ ವಿಶ್ವಾಸಕ್ಕೆ ಬಗೆವ ದ್ರೋಹ. ರೋಗಿಗಳ ಮಾಹಿತಿಯನ್ನು ಕಾಯುವ ಹಿಪಾ ಕಾಯಿದೆ 1996ರಲ್ಲೇ ಬಂದರೂ, ಅದರ ಗಣಕ ಸುರಕ್ಷತೆಯ ನಿಯಮಗಳು ಹೆಚ್ಚಿನ ಸಂಸ್ಥೆಗಳಿಗೆ ಕಡ್ಡಾಯವಾದದ್ದು 2005ರಲ್ಲಿ. ನಡುವಿನ ಆ ವರ್ಷಗಳಲ್ಲಿ ತಂತಿ ಓಡಿತು, ಕಾನೂನು ಅದರ ಹಿಂದೆ ನಡೆದು ಬಂದಿತು. ಅಂತಹ ಕಾಲದಲ್ಲಿ ಕಾಯುವ ಹೊಣೆ ವೃತ್ತಿಧರ್ಮದ್ದೇ.

ಎರಡನೆಯ ಪಾಠವನ್ನು 2001 ಕಲಿಸಿತು. ಆ್ಯಟ್‌ಹೋಮ್ ಸಂಸ್ಥೆ ಎಕ್ಸೈಟ್ ಜೊತೆ ವಿಲೀನಗೊಂಡು, ಆ ವರ್ಷ ಸೆಪ್ಟೆಂಬರಿನಲ್ಲಿ ದಿವಾಳಿತನ ಘೋಷಿಸಿತು. ಡಿಸೆಂಬರ್ ಆರಂಭದಲ್ಲಿ ಎಟಿ ಅಂಡ್ ಟಿ ಬ್ರಾಡ್‌ಬ್ಯಾಂಡಿನ ಸುಮಾರು 8,50,000 ಗ್ರಾಹಕರ ಸಂಪರ್ಕ ಕಡಿದು, ಅವರನ್ನು ದಿನಗಳೊಳಗೆ ಬೇರೆ ಜಾಲಕ್ಕೆ ಸಾಗಿಸಬೇಕಾಯಿತು. ಒಂದೇ ತಂತಿಯನ್ನು ನಂಬಿದ ಅಂಗಡಿಗೆ ಅದರ ಮಾಲೀಕರ ಲಾಭನಷ್ಟವೂ ತನ್ನದೇ ಆಗುತ್ತದೆ. ಆದ್ದರಿಂದ ಪರ್ಯಾಯ ಸಂಪರ್ಕವೊಂದು ಅಗತ್ಯದ ವೆಚ್ಚ, ದುಂದಲ್ಲ.

ವೇಗ ಅಂದಿನಿಂದ ನೂರಾರು ಪಟ್ಟು ಬೆಳೆದಿದೆ. ಆದರೂ 2013ರಲ್ಲಿ ಬಂದ ಡಾಕ್ಸಿಸ್ 3.1 ಸಹ ತರಿಸಲು ಹೆದ್ದಾರಿಯನ್ನೂ ಕಳಿಸಲು ಕಿರುದಾರಿಯನ್ನೂ ಕೊಟ್ಟಿತು. ನೋಡುವವರಿಗೆಂದು ಎಳೆದ ತಂತಿ ತನ್ನ ಹುಟ್ಟುಗುಣವನ್ನು ಬೇಗ ಬಿಡದು. ಕ್ಷ-ಕಿರಣದ ಚಿತ್ರ ಕಳಿಸುವ ವೈದ್ಯರೂ ಲೆಕ್ಕಪತ್ರ ಕಳಿಸುವ ವರ್ತಕರೂ ಕರಾರಿಗೆ ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಬೇಕು: ಕಳಿಸುವ ವೇಗವೆಷ್ಟು? ನಡುವೆ ಕಾವಲೇನು? ತಂತಿ ಕಡಿದರೆ ದಾರಿ ಯಾವುದು?